ಜೀಪಿನ ನೆತ್ತಿಯ ಹೊರೆ, ಬೆನ್ನಿನ ರೆಕ್ಕೆ

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ದೂರದ ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮುತ್ತಂಗದ ಮೂಲಕ ಸುಲ್ತಾನ್ ಬತ್ತೇರಿ, ಕಲ್ಲಿಕೋಟೆಗಳಿಗೆ. ಆ ಕವಲಿನಲ್ಲಿ ಹತ್ತು ನಿಮಿಷ ನಿಂತು ವಾಹನಗಳ ನೆತ್ತಿಯನ್ನಷ್ಟೇ ಗಮನಿಸಿ. ಹಳೆಯ ಜೀಪೊಂದರ ಮೇಲೆ ಟೊಮೇಟೊ ಕ್ರೇಟುಗಳೋ ಈರುಳ್ಳಿ ಮೂಟೆಗಳೋ ಇರುತ್ತವೆ. ಶಬರಿಮಲೆಯ ಕಾಲವಾದರೆ ವ್ಯಾನುಗಳ ಮೇಲೆ ಪಾತ್ರೆ, ಹಾಸಿಗೆ ಗಂಟು. ಅವುಗಳ ಹಿಂದೆಯೇ ಬೆಂಗಳೂರಿನಿಂದ ವಾರಾಂತ್ಯಕ್ಕೆಂದು ಹೊರಟ ಹೊಸ ಥಾರ್ ಬರುತ್ತದೆ. ಅದರ ನೆತ್ತಿಯ ಮೇಲೂ ಕರಿಬಣ್ಣದ ಉಕ್ಕಿನ ಕ್ಯಾರಿಯರ್ ಇದೆ, ಆದರೆ ಅದರಲ್ಲಿ ಏನೂ ಇಲ್ಲ. ಹಿಂಬದಿಯಲ್ಲಿ ಚಾವಣಿಯ ಅಂಚಿಗೆ ಒಂದು ಸ್ಪಾಯ್ಲರ್ ಅಂಟಿಕೊಂಡಿದೆ.

ಒಂದೇ ಅಂಗಡಿಯಲ್ಲಿ ಸಿಗುವ ಈ ಎರಡು ವಸ್ತುಗಳ ವಂಶಾವಳಿ ಬೇರೆ ಬೇರೆ. ಒಂದು ಹೊಟ್ಟೆಪಾಡಿನಿಂದ ಹುಟ್ಟಿದ್ದು, ಇನ್ನೊಂದು ರೇಸಿನ ಹಾದಿಯಲ್ಲಿ. ಇವನ್ನು ಆರಿಸುವವರು ಆ ಚರಿತ್ರೆಯನ್ನು ತಿಳಿದಿದ್ದರೆ ಹಣವೂ ಡೀಸೆಲ್ಲೂ ಉಳಿದೀತು. ಭೌತವಿಜ್ಞಾನದ ಪಾಠಕ್ಕೆ ಉದಾಹರಣೆಗಳಂತೂ ಧಾರಾಳವಾಗಿ ಸಿಗುತ್ತವೆ.

ಮೊದಲು ಕ್ಯಾರಿಯರ್. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಗಟ್ಟಿ ಚಾವಣಿಯೇ ಇರಲಿಲ್ಲ, ಇದ್ದದ್ದು ಕ್ಯಾನ್ವಾಸ್ ಬಟ್ಟೆ. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ಈ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಅವು ಹಳ್ಳಿಗಾಡಿನ ಟ್ಯಾಕ್ಸಿಗಳಾದಾಗ ತಗಡಿನ ಚಾವಣಿ ಬಂತು, ಅದರ ಮೇಲೆ ಬೆಸುಗೆ ಹಾಕಿದ ಕ್ಯಾರಿಯರ್ ಬಂತು. ಅಂಬಾಸಡರ್‌ನಂತಹ ಕಾರುಗಳಲ್ಲಿ ಕೆಲಸ ಇನ್ನೂ ಸುಲಭವಾಗಿತ್ತು. ಚಾವಣಿಯ ಎರಡೂ ಅಂಚಿನಲ್ಲಿ ಮಳೆನೀರು ಹರಿದುಹೋಗಲು ಸಣ್ಣ ದೋಣಿಯಂತಹ ಕಾಲುವೆ ಇರುತ್ತಿತ್ತು. ಕ್ಯಾರಿಯರಿನ ಕಾಲುಗಳನ್ನು ಅದಕ್ಕೇ ಕಚ್ಚಿಸಿ ತಿರುಪು ಬಿಗಿದರೆ ಮುಗಿಯಿತು.

ಆ ಕಾಲುವೆ ಈಗ ಎಲ್ಲಿ ಹೋಯಿತು? 1973ರಲ್ಲಿ ತೈಲದ ಬೆಲೆ ದಿಢೀರನೆ ಏರಿದಾಗ ವಾಹನ ತಯಾರಕರು ಇಂಧನದ ಪ್ರತಿ ಹನಿಯ ಲೆಕ್ಕ ಹಾಕತೊಡಗಿದರು. ಗಾಳಿ ಸುರಂಗದಲ್ಲಿ ಕಾರುಗಳನ್ನು ನಿಲ್ಲಿಸಿ, ಮೈಮೇಲೆ ಎದ್ದು ನಿಂತ ಪ್ರತಿಯೊಂದು ಅಂಚನ್ನೂ ಸವರಿ ಹಾಕಿದರು. 1982ರ ಆಡಿ 100 ಕಾರಿನಲ್ಲಿ ಕಿಟಕಿಯ ಗಾಜು ಕೂಡ ಹೊರಮೈಯ ಮಟ್ಟಕ್ಕೇ ಬಂದು, ಅದರ ವಾಯುರೋಧ ಗುಣಾಂಕ 0.30ಕ್ಕೆ ಇಳಿಯಿತು. ಚಾವಣಿಯ ಕಾಲುವೆಗಳು ಕ್ರಮೇಣ ಮಾಯವಾದದ್ದು ಈ ಅಲೆಯಲ್ಲಿ. ಹೀಗೆ ಎಂಜಿನಿಯರುಗಳು ವರ್ಷಗಟ್ಟಲೆ ಬೆವರಿಳಿಸಿ ನಯಗೊಳಿಸಿದ ಚಾವಣಿಯ ಮೇಲೆ ನಾವು ಹತ್ತು ಕಬ್ಬಿಣದ ಕೊಳವೆಗಳನ್ನು ತಂದು ಕೂರಿಸುತ್ತೇವೆ!

ಅದರ ಬೆಲೆ ಎಷ್ಟು? ಲೆಕ್ಕ ಮಾಡಿ ನೋಡೋಣ. ಗಾಳಿಯ ರೋಧಬಲವು ಗಾಳಿಯ ಸಾಂದ್ರತೆ, ವಾಹನದ ಮುಂಭಾಗದ ವಿಸ್ತೀರ್ಣ, ರೋಧ ಗುಣಾಂಕ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ. ಗುಂಡ್ಲುಪೇಟೆಯ ಎತ್ತರದಲ್ಲಿ ಸಾಂದ್ರತೆ ಘನಮೀಟರಿಗೆ ಸುಮಾರು 1.1 ಕೆ.ಜಿ. ಪೆಟ್ಟಿಗೆಯಂತಹ ಜೀಪಿಗೆ ಗುಣಾಂಕ 0.45, ವಿಸ್ತೀರ್ಣ 2.5 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ರೋಧಬಲ ಸುಮಾರು 76 ನ್ಯೂಟನ್, 80 ಕಿ.ಮೀ. ವೇಗದಲ್ಲಿ 306 ನ್ಯೂಟನ್. ಟೈರುಗಳು ಉರುಳುವಾಗಿನ ರೋಧ 1,800 ಕೆ.ಜಿ. ವಾಹನಕ್ಕೆ ಸುಮಾರು 265 ನ್ಯೂಟನ್. ಇದು ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಅಂದರೆ ಉಬ್ಬುಗಳಿರುವ ಕಾಡಿನ ಹಾದಿಯಲ್ಲಿ 40ರ ವೇಗದಲ್ಲಿ ಗಾಳಿ ಒಂದು ಸಣ್ಣ ಶತ್ರು. ಮೈಸೂರು ರಸ್ತೆಯಲ್ಲಿ 80 ಮುಟ್ಟಿದಾಗ ಅದೇ ದೊಡ್ಡ ಶತ್ರು.

ಈಗ 3 ಸೆಂ.ಮೀ. ವ್ಯಾಸದ, 1.2 ಮೀಟರ್ ಉದ್ದದ ಒಂದು ದುಂಡನೆಯ ಅಡ್ಡಕೊಳವೆಯನ್ನು ಸೇರಿಸಿ. ದುಂಡು ಕೊಳವೆಯ ಗುಣಾಂಕ ಈ ವೇಗಗಳಲ್ಲಿ ಸುಮಾರು 1.2. ಇಡೀ ಜೀಪಿನದಕ್ಕಿಂತ ಎರಡೂವರೆ ಪಟ್ಟು ಹೆಚ್ಚು! 80ರ ವೇಗದಲ್ಲಿ ಆ ಒಂದು ಕೊಳವೆಗೇ ಸುಮಾರು 12 ನ್ಯೂಟನ್ ಬಲ ಬೀಳುತ್ತದೆ. ಆರು ಕೊಳವೆಗಳಿಗೆ ಆರು ಪಟ್ಟು ಎನ್ನುವಂತಿಲ್ಲ, ಹಿಂದಿನವು ಮುಂದಿನದರ ಮರೆಯಲ್ಲಿರುತ್ತವೆ. ಆದರೂ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ರೋಧ ಏರುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಪಟ್ಟಿಯನ್ನು ವಿಮಾನದ ರೆಕ್ಕೆಯ ಅಡ್ಡಕೊಯ್ತದ ಆಕಾರಕ್ಕೆ ತಂದರೆ ಬಲ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂಗಡಿಯವರು ದುಬಾರಿ ಬೆಲೆಗೆ ಮಾರುವ ಅಲ್ಯೂಮಿನಿಯಂ ಪಟ್ಟಿಗಳ ವಿಚಿತ್ರ ಆಕಾರಕ್ಕೆ ಕಾರಣ ಇದೇ.

ಕ್ಯಾರಿಯರ್ ಹಾಕಿಸಿದ ಮೇಲೆ ತಲೆಯ ಮೇಲೆ ಒಂದು ಗುಂಯ್‌ಗುಟ್ಟುವ ಸದ್ದು ಶುರುವಾಗುತ್ತದೆ. ಈ ಸದ್ದಿಗೂ ಚರಿತ್ರೆಯಿದೆ. 1878ರಲ್ಲಿ ಚೆಕ್ ಭೌತವಿಜ್ಞಾನಿ ವಿನ್ಸೆಂಜ್ ಸ್ಟ್ರೌಹಾಲ್ ಗಾಳಿಯಲ್ಲಿ ಹಾಡುವ ತಂತಿಗಳನ್ನು ಅಧ್ಯಯನ ಮಾಡಿ, ಸ್ವರದ ಆವೃತ್ತಿಯು ವೇಗವನ್ನು ವ್ಯಾಸದಿಂದ ಭಾಗಿಸಿದ್ದರ ಸುಮಾರು 0.2 ಪಟ್ಟು ಎಂದು ಕಂಡುಕೊಂಡ. ಕೊಳವೆಯ ಹಿಂದೆ ಎಡಬಲಗಳಿಂದ ಸುಳಿಗಳು ಒಂದಾದ ಮೇಲೊಂದು ಕಳಚಿಕೊಳ್ಳುವುದೇ ಈ ಸ್ವರದ ಮೂಲ. ಆ ಸುಳಿಸಾಲಿನ ಗಣಿತವನ್ನು ನೀಡಿದವನು 1911ರ ವೇಳೆಗೆ ಥಿಯೊಡೋರ್ ಫಾನ್ ಕಾರ್ಮಾನ್. 80ರ ವೇಗದಲ್ಲಿ ನಮ್ಮ 3 ಸೆಂ.ಮೀ. ಕೊಳವೆ ಸುಮಾರು 148 ಹರ್ಟ್ಜ್‌ನ ಮಂದ್ರ ಸ್ವರ ಕೊಡುತ್ತದೆ, 1 ಸೆಂ.ಮೀ. ಸರಳು 444 ಹರ್ಟ್ಜ್‌ನ ಸಿಳ್ಳೆ. ಪರಿಹಾರ ಅಗ್ಗದ್ದು. ಕೊಳವೆಗೆ ಹಗ್ಗವನ್ನು ತಿರುಪಿನಂತೆ, ಸುತ್ತಿನಿಂದ ಸುತ್ತಿಗೆ ಅಂತರ ಬಿಟ್ಟು ಸುತ್ತಿದರೆ ಸುಳಿಗಳು ಉದ್ದಕ್ಕೂ ಒಟ್ಟಿಗೆ ಕಳಚಿಕೊಳ್ಳಲಾರವು, ಸದ್ದು ಅಡಗುತ್ತದೆ. ಕಾರ್ಖಾನೆಗಳ ಎತ್ತರದ ಚಿಮಣಿಗಳ ಮೇಲೆ ನೀವು ಕಾಣುವ ಸುರುಳಿ ಪಟ್ಟಿಗಳದೂ ಇದೇ ಕೆಲಸ.

ಖಾಲಿ ಕ್ಯಾರಿಯರಿನ ವಿಷಯಕ್ಕೆ ಮರಳೋಣ. 2016ರಲ್ಲಿ ಯೂಚೆ ಚೆನ್ ಮತ್ತು ಅಲನ್ ಮೇಯರ್ ಎಂಬ ಸಂಶೋಧಕರು ಅಮೆರಿಕದ ಕಾರುಗಳ ಕ್ಯಾರಿಯರುಗಳಿಂದ ವರ್ಷಕ್ಕೆ ಸುಮಾರು 10 ಕೋಟಿ ಗ್ಯಾಲನ್, ಅಂದರೆ 38 ಕೋಟಿ ಲೀಟರಿನಷ್ಟು ಪೆಟ್ರೋಲ್ ಹೆಚ್ಚಾಗಿ ಖರ್ಚಾಗುತ್ತದೆಂದು ಅಂದಾಜು ಮಾಡಿದರು. ಅವರ ಲೆಕ್ಕದಲ್ಲಿ ಕ್ಯಾರಿಯರಿನ ಆಕಾರ ತಿದ್ದುವುದಕ್ಕಿಂತ, ಖಾಲಿ ಕ್ಯಾರಿಯರ್ ಹೊತ್ತು ತಿರುಗುವುದನ್ನು ತಪ್ಪಿಸುವುದರಿಂದಲೇ ದೇಶಕ್ಕೆ ಹೆಚ್ಚು ಉಳಿತಾಯ. ಗುಂಡ್ಲುಪೇಟೆಯ ತರಕಾರಿ ಜೀಪನ್ನು ನಾನು ಈ ಕಾರಣಕ್ಕೆ ದೂರುವುದಿಲ್ಲ. ಅದು ಸುಡುವ ಡೀಸೆಲ್‌ಗೆ ಪ್ರತಿಯಾಗಿ ಒಂದು ಮೂಟೆ ಸಂತೆಗೆ ತಲಪುತ್ತದೆ.

ಆದರೆ ಹೊರೆ ಹೊತ್ತ ಕ್ಯಾರಿಯರಿಗೆ ಬೇರೊಂದು ಅಪಾಯವಿದೆ, ಅದು ಡೀಸೆಲ್‌ಗಿಂತ ದೊಡ್ಡದು. ಚಕ್ರಗಳ ನಡುವಿನ ಅಗಲ 1.4 ಮೀಟರ್, ಗುರುತ್ವಕೇಂದ್ರದ ಎತ್ತರ 0.75 ಮೀಟರ್ ಇರುವ 1,500 ಕೆ.ಜಿ. ಜೀಪು, ಸ್ಪ್ರಿಂಗುಗಳ ಬಾಗುವಿಕೆಯನ್ನು ಬಿಟ್ಟರೆ, ಸುಮಾರು 43 ಡಿಗ್ರಿ ವಾಲುವವರೆಗೆ ಮಗುಚದು. 2 ಮೀಟರ್ ಎತ್ತರದಲ್ಲಿ 100 ಕೆ.ಜಿ. ಹೇರಿದರೆ ಈ ಕೋನ 40ಕ್ಕೆ ಇಳಿಯುತ್ತದೆ, 300 ಕೆ.ಜಿ. ಹೇರಿದರೆ 36ಕ್ಕೆ. ಸ್ಪ್ರಿಂಗು, ಟೈರುಗಳ ಬಾಗುವಿಕೆ ಸೇರಿದರೆ ನಿಜವಾದ ಕೋನ ಇನ್ನೂ ಕಡಿಮೆ. ಮಸಿನಗುಡಿಯಿಂದ ಕಲ್ಹಟ್ಟಿಯ ಮೂಲಕ ಊಟಿಗೆ ಏರುವ ಹಾದಿಯಲ್ಲಿ 36 ಹಿಮ್ಮುರಿ ತಿರುವುಗಳಿವೆ. ಇಳಿಯುವಾಗ ಈ ಡಿಗ್ರಿಗಳ ಬೆಲೆ ಗೊತ್ತಾಗುತ್ತದೆ. ಭಾರದ ವಸ್ತು ಕೆಳಗೆ, ಹಗುರದ ಹಾಸಿಗೆ ಗಂಟು ಮೇಲೆ ಎಂಬ ಹಳೆಯ ಚಾಲಕರ ನಿಯಮ ಸರಿಯಾದದ್ದು. ತಯಾರಕರು ಕೈಪಿಡಿಯಲ್ಲಿ ಕೊಡುವ ಚಾವಣಿಯ ಭಾರಮಿತಿಯಲ್ಲಿ ಕ್ಯಾರಿಯರಿನ ಸ್ವಂತ ತೂಕವೂ ಸೇರುತ್ತದೆ ಎಂಬುದನ್ನು ಮರೆಯಬೇಡಿ. ಉಕ್ಕಿನದಾದರೆ ಮಿತಿಯ ಒಂದು ಭಾಗ ಅಲ್ಲೇ ಮುಗಿದಿರುತ್ತದೆ.

ಇನ್ನು ಸ್ಪಾಯ್ಲರ್. ಹೆಸರು ಬಂದದ್ದು ವಿಮಾನದಿಂದ: ರೆಕ್ಕೆಯ ಮೇಲಿನ ಗಾಳಿಯ ಹರಿವನ್ನು 'ಕೆಡಿಸಿ' ಎತ್ತುಬಲವನ್ನು ತಗ್ಗಿಸುವ ಹಲಗೆ. ಕಾರಿಗೂ ಎತ್ತುಬಲವಿದೆ. ಉಬ್ಬಿದ ಬೆನ್ನಿನ ಮೇಲೆ ಗಾಳಿ ವೇಗವಾಗಿ ಹರಿದಾಗ ಒತ್ತಡ ಇಳಿದು, ಹಿಂದಿನ ಚಕ್ರಗಳು ಹಗುರಾಗುತ್ತವೆ. 1956ರಲ್ಲಿ ಮೈಕೆಲ್ ಮೇ ಎಂಬ ಸ್ವಿಸ್ ಎಂಜಿನಿಯರ್ ತನ್ನ ಪೋರ್ಷೆಗೆ ತಲೆಕೆಳಗಾದ ರೆಕ್ಕೆಯೊಂದನ್ನು ಕಟ್ಟಿಕೊಂಡು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ಗೆ ಬಂದ. ಸಂಘಟಕರು ಅದನ್ನು ಬಿಚ್ಚಿಸಿದರು. 1961ರಲ್ಲಿ ಫೆರಾರಿಯ ರೇಸ್ ಕಾರಿನ ಬಾಲದ ಮೇಲೆ ಒಂದು ನೇರ ತಗಡಿನ ಪಟ್ಟಿ ನಿಂತಿತು, ಚಾಲಕ ರಿಚಿ ಗಿಂಥರ್‌ನ ಹೆಸರು ಅದಕ್ಕೆ ತಳುಕುಹಾಕಿಕೊಂಡಿದೆ. 1968ರ ಹೊತ್ತಿಗೆ ಫಾರ್ಮುಲಾ ಒನ್ ಕಾರುಗಳ ಮೇಲೆ ಎತ್ತರದ ಕಡ್ಡಿಗಳ ಮೇಲೆ ನಿಂತ ರೆಕ್ಕೆಗಳು ಎದ್ದವು. 1969ರ ಮೇ ತಿಂಗಳಲ್ಲಿ ಸ್ಪೇನಿನ ರೇಸಿನಲ್ಲಿ ಒಂದೇ ತಂಡದ ಎರಡು ಕಾರುಗಳ ರೆಕ್ಕೆಗಳು ಮುರಿದು ಭೀಕರ ಅಪಘಾತವಾಯಿತು. ಅದೇ ತಿಂಗಳು ಮೊನಾಕೊದಲ್ಲಿ ಎತ್ತರದ ರೆಕ್ಕೆಗಳನ್ನು ನಿಷೇಧಿಸಿದರು. ಅಲ್ಲಿ ಮೋಸ ಮಾಡಿದ್ದು ರೆಕ್ಕೆಯ ತತ್ತ್ವವಲ್ಲ, ಅದನ್ನು ಹೊತ್ತ ಆಧಾರ. ಎರಡು ಬದಿ ಅಂಟುವ ಟೇಪಿನ ಮೇಲೆ ನಂಬಿಕೆಯಿಟ್ಟು ಸ್ಪಾಯ್ಲರ್ ಕೂರಿಸುವವರಿಗೆ ಈ ಕಥೆ ಹೇಳಬೇಕು.

ಆದರೆ ಜೀಪು ರೇಸ್ ಕಾರಲ್ಲ. 0.2 ಚದರ ಮೀಟರಿನ ಸ್ಪಾಯ್ಲರ್, ಗುಣಾಂಕ 0.5, ವೇಗ ಗಂಟೆಗೆ 60 ಕಿ.ಮೀ. ಎಂದು ಲೆಕ್ಕ ಹಾಕಿ. ಕೆಳಮುಖ ಬಲ ಬರುವುದು ಸುಮಾರು 15 ನ್ಯೂಟನ್, ಒಂದೂವರೆ ಕೆ.ಜಿ. ಈರುಳ್ಳಿಯ ತೂಕ. ಅಷ್ಟಕ್ಕೆ ಸಾವಿರಾರು ರೂಪಾಯಿ ಕೊಡಬೇಕಿಲ್ಲ, ಈರುಳ್ಳಿಯನ್ನೇ ಹಿಂದಿನ ಸೀಟಿನಲ್ಲಿಡಬಹುದು.

ಹಾಗಾದರೆ ಅದು ಬರೀ ಅಲಂಕಾರವೇ? ಪೂರ್ತಿಯಾಗಿ ಅಲ್ಲ. ಪೆಟ್ಟಿಗೆಯಾಕಾರದ ವಾಹನದ ನಿಜವಾದ ತೊಂದರೆ ಅದರ ಬೆನ್ನ ಹಿಂದೆ ಇದೆ. ಮೈಗೆ ಅಂಟಿದ ತೆಳು ಗಾಳಿಪದರ ಹೇಗೆ ಕಳಚಿಕೊಳ್ಳುತ್ತದೆಂದು 1904ರಲ್ಲಿ ಲುಡ್ವಿಗ್ ಪ್ರಾಂಟಲ್ ವಿವರಿಸಿದ್ದ. ಜೀಪಿನ ಚಾವಣಿಯ ಹಿಂದಿನ ಅಂಚಿನಲ್ಲಿ ನಡೆಯುವುದು ಅದೇ. ಗಾಳಿ ಕಳಚಿ, ಹಿಂದೆ ಕಡಿಮೆ ಒತ್ತಡದ ಸುಳಿವಲಯ ಉಳಿಯುತ್ತದೆ. ಆ ವಲಯ ವಾಹನವನ್ನು ಹಿಂದಕ್ಕೆ ಎಳೆಯುತ್ತದೆ, ರಸ್ತೆಯ ಧೂಳನ್ನು ಹಿಂಗಾಜಿಗೆ ಬಳಿಯುತ್ತದೆ. 1930ರ ದಶಕದಲ್ಲಿ ಸ್ಟುಟ್‌ಗಾರ್ಟಿನ ವುನಿಬಾಲ್ಡ್ ಕಾಮ್, ನೀರಹನಿಯಂತಹ ಉದ್ದ ಬಾಲ ಬೇಕಿಲ್ಲ, ಸರಿಯಾಗಿ ಇಳಿಜಾರಾಗಿಸಿ ಥಟ್ಟನೆ ಕತ್ತರಿಸಿದರೂ ಸಾಕು ಎಂದು ತೋರಿಸಿದ. 1984ರಲ್ಲಿ ಎಸ್. ಆರ್. ಅಹ್ಮದ್ ಮತ್ತು ಸಂಗಡಿಗರು ಹಿಂಭಾಗ ಇಳಿಜಾರಾದ ಒಂದು ಸರಳ ಪೆಟ್ಟಿಗೆಯನ್ನು ಗಾಳಿ ಸುರಂಗದಲ್ಲಿಟ್ಟು, ಇಳಿಜಾರು 30 ಡಿಗ್ರಿಯ ಸುತ್ತ ರೋಧ ಏರಿ ಅನಂತರ ದಿಢೀರನೆ ಇಳಿಯುವುದನ್ನು ಕಂಡರು. 'ಅಹ್ಮದ್ ಪೆಟ್ಟಿಗೆ' ಇಂದಿಗೂ ಜಗತ್ತಿನ ಗಾಳಿ ಸುರಂಗಗಳಲ್ಲಿ ಪ್ರಮಾಣ ಮಾದರಿ. ಇಷ್ಟರಿಂದ ತಿಳಿಯುವುದೇನು? ಚಾವಣಿಯನ್ನು ಅದೇ ರೇಖೆಯಲ್ಲಿ ತುಸು ಇಳಿಜಾರಾಗಿ ಹಿಂದಕ್ಕೆ ಚಾಚುವ ಸ್ಪಾಯ್ಲರ್ ಸುಳಿವಲಯವನ್ನು ಕಿರಿದುಮಾಡಿ ಸ್ವಲ್ಪ ಇಂಧನ ಉಳಿಸಬಲ್ಲದು. ಮೇಲಕ್ಕೆ ಸೆಟೆದು ನಿಂತದ್ದು ರೋಧವನ್ನು ಹೆಚ್ಚಿಸುವ ಸಂಭವವೇ ಜಾಸ್ತಿ. ಗಾಜಿನ ಮೇಲೆ ಗಾಳಿಯನ್ನು ಕೆಳಕ್ಕೆ ತಿರುಗಿಸುವ ಬಗೆ ಧೂಳನ್ನು ಒರೆಸುತ್ತದೆ, ಪ್ರತಿಯಾಗಿ ತುಸು ಇಂಧನ ಕೇಳುತ್ತದೆ.

ಈ ವಿದ್ಯೆಯ ಒಂದು ಶಾಖೆ ನಮ್ಮಲ್ಲೇ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲೇ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಪ್ರಾಂಟಲ್‌ನ ಉಪನ್ಯಾಸಗಳನ್ನು ಪುಸ್ತಕವಾಗಿಸಿದ ಶಿಷ್ಯ ಟೀಟ್ಯೆನ್ಸ್ ಅಲ್ಲಿಗೆ ಬಂದು ಪಾಠ ಹೇಳಿದ. ಅಲ್ಲಿನ 14 ಅಡಿ ಅಗಲ, 9 ಅಡಿ ಎತ್ತರದ ತೆರೆದ ಗಾಳಿ ಸುರಂಗವನ್ನು ವಿದ್ಯಾರ್ಥಿಗಳು ಅವಕಾಶ ಸಿಕ್ಕಾಗ ನೋಡಲೇಬೇಕು.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ವಾಹನದ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಕೊಳ್ಳುವ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ.

ಶಿಕ್ಷಕರು ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು. ರಟ್ಟಿನ ಜೀಪೊಂದನ್ನು ಮಾಡಿ, ಹಿಂಭಾಗಕ್ಕೆ ಬೆರಳುದ್ದದ ಉಣ್ಣೆದಾರಗಳನ್ನು ಅಂಟಿಸಿ, ಟೇಬಲ್ ಫ್ಯಾನಿನ ಮುಂದಿಡಿ. ಫ್ಯಾನಿನ ಗಾಳಿ ತಿರುಚಿಕೊಂಡು ಬರುವುದರಿಂದ ನಡುವೆ ತಂಪು ಪಾನೀಯದ ಸ್ಟ್ರಾಗಳ ಕಂತೆಯೊಂದನ್ನು ಜಾಲರಿಯಂತೆ ನಿಲ್ಲಿಸಿ. ಚಾವಣಿಯ ದಾರಗಳು ನೇರವಾಗಿ ಹಾರುತ್ತವೆ, ಹಿಂಗಾಜಿನವು ಗೊತ್ತುಗುರಿಯಿಲ್ಲದೆ ಕುಣಿಯುತ್ತವೆ. ಈಗ ಚಾವಣಿಯ ಅಂಚಿಗೆ ಅಂಚೆಕಾರ್ಡಿನ ಒಂದು ತುಂಡನ್ನು ಬೇರೆ ಬೇರೆ ಕೋನಗಳಲ್ಲಿ ಅಂಟಿಸಿ, ಯಾವ ಕೋನದಲ್ಲಿ ಕುಣಿತ ತಗ್ಗುತ್ತದೆಂದು ಮಕ್ಕಳಿಂದಲೇ ಪಟ್ಟಿ ಮಾಡಿಸಿ. ಇಷ್ಟು ಸಣ್ಣ ಮಾದರಿಯ ಅಂಕಿಗಳು ನಿಜವಾದ ಜೀಪಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಏಕೆಂಬುದಕ್ಕೆ ರೆನಾಲ್ಡ್ಸ್ ಸಂಖ್ಯೆಯ ಪಾಠ ಮುಂದಿನ ಪೀರಿಯಡ್ಡಿಗೆ ಸಿದ್ಧವಾಗಿರುತ್ತದೆ.