ಕದ ತಟ್ಟದೆ ಒಳಬಂದವರು

ಕಳೆದ ಮಳೆಗಾಲದ ಒಂದು ರಾತ್ರಿ ಗೆಂಡೆಹಳ್ಳಿಯಿಂದ ಅಕ್ಕನ ಮಗಳ ಫೋನು ಬಂತು. ಬೇಲೂರು ತಾಲ್ಲೂಕಿನ ಆ ಊರಿಗೆ ಅಕ್ಕನನ್ನು ಕೊಟ್ಟು ಇಪ್ಪತ್ತೆರಡು ವರ್ಷಗಳಾದವು. ಹುಡುಗಿಯ ದನಿಯಲ್ಲಿ ಅಳುವಿತ್ತು. "ಮಾಮು, ನಾಳೆ ಸಂಜೆಗೆ ಸ್ಕಾಲರ್‌ಶಿಪ್ ಅರ್ಜಿ ಮುಗಿಯುತ್ತೆ. ಅರ್ಧ ತುಂಬುವಷ್ಟರಲ್ಲಿ ನೆಟ್ಟು ಹೋಗುತ್ತೆ. ಬಂದ ಕೂಡಲೇ ಕಂಪ್ಯೂಟರ್ ಮೇಲೆ ಕೆಂಪು ಕಿಟಕಿಯೊಂದು ಎದ್ದು ನಿಲ್ಲುತ್ತೆ. ಐದು ವೈರಸ್ ಇವೆಯಂತೆ, ಈ ನಂಬರಿಗೆ ಫೋನ್ ಮಾಡಬೇಕಂತೆ. ಮಾಡಲಾ?"

"ಬೇಡ" ಅಂದೆ. ಹಿಂದಿನಿಂದ ಭಾವನ ದನಿ ಕೇಳಿಸುತ್ತಿತ್ತು. ವೈರಸ್ ಇರುವುದರಿಂದಲೇ ನೆಟ್ಟು ಹೋಗುತ್ತಿದೆ ಎಂಬುದು ಅವರ ವಾದ. ಮಗಳು ಒತ್ತಬಾರದ್ದನ್ನು ಒತ್ತಿದ್ದಾಳೆ ಎಂಬುದು ಅವರ ತೀರ್ಪು. ಇನ್ನು ಮೇಲೆ ಕಂಪ್ಯೂಟರ್ ಮುಟ್ಟಕೂಡದು ಎಂಬುದು ಶಿಕ್ಷೆ. ಹುಡುಗಿ ಏನನ್ನೋ ಒತ್ತಿದ್ದೇನೋ ನಿಜವೇ. ಆದರೆ ಆ ಗುಂಡಿಯನ್ನು ಅವಳ ಮುಂದೆ ತಂದಿಟ್ಟವರು ಯಾರು? ನಾನು ಕತೆ ಬರೆಯುವವನು, ತಂತ್ರಜ್ಞನಲ್ಲ. ಆದರೂ ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಕಂಡದ್ದು ಸುಮಾರು ನಲವತ್ತು ವರ್ಷಗಳ ಒಂದು ಚರಿತ್ರೆ. ಅದರಲ್ಲಿ ನಮ್ಮ ಕರ್ನಾಟಕದ ಪಾಲೂ ಸಣ್ಣದಲ್ಲ.

ಮೊದಲು ತಂತಿಯ ಕತೆ. ನಮ್ಮ ಬಾಲ್ಯದಲ್ಲಿ ಟ್ರಂಕ್ ಕಾಲ್ ಎಂದರೆ ಸಾವಿನ ಸುದ್ದಿ ಅಥವಾ ಹೆರಿಗೆಯ ಸುದ್ದಿ. ವಿದೇಶದಿಂದ ತರಿಸುವ ಟೆಲಿಫೋನ್ ವಿನಿಮಯ ಕೇಂದ್ರಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಿತ್ತು, ಬಿಡದೆ ಬರುವ ಕರೆಂಟ್ ಬೇಕಿತ್ತು. ಇವೆರಡೂ ಇಲ್ಲದ ಹಳ್ಳಿಗಳಿಗೆಂದೇ, 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ 128 ಪೋರ್ಟುಗಳ ಒಂದು ಪುಟ್ಟ ಯಂತ್ರವನ್ನು ರೂಪಿಸಿತು. ಬಿಸಿಲು, ಧೂಳು ಎರಡನ್ನೂ ತಾಳಿಕೊಳ್ಳುವ ಈ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರ ಜುಲೈಯಲ್ಲಿ, ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿಗೆ ಈ ಹೆಗ್ಗಳಿಕೆಯೂ ಇದೆ ಎಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿಯದು. ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ನಮ್ಮ ಬಸ್ ನಿಲ್ದಾಣಗಳ ಪಕ್ಕ ತಲೆಯೆತ್ತಿದ್ದು ಇದರ ನಂತರದ ಮಾತು.

ಸಾಮಾನ್ಯ ಜನರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ವಿಎಸ್‌ಎನ್‌ಎಲ್ ಎಂಬ ಅಂದಿನ ಸರಕಾರಿ ಸಂಸ್ಥೆ ಅದನ್ನು ಕೊಟ್ಟಿತು. ವೇಗ ಸೆಕೆಂಡಿಗೆ 9.6 ಕಿಲೋಬಿಟ್. 250 ಗಂಟೆಗಳಿಗೆ 5,000 ರೂಪಾಯಿ. ಫೋನಿನ ತಂತಿಯಲ್ಲೇ ಅದು ಬರುತ್ತಿದ್ದುದರಿಂದ ನೆಟ್ಟಿನಲ್ಲಿ ಕುಳಿತಷ್ಟು ಹೊತ್ತು ಮನೆಯ ಫೋನು ಮೂಕವಾಗುತ್ತಿತ್ತು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿತು. 2005ರ ಜನವರಿಯಲ್ಲಿ ಅದರ ಬ್ರಾಡ್‌ಬ್ಯಾಂಡ್ ಬಂತು. ಆಗ ಮಾತು ಮತ್ತು ನೆಟ್ಟು ಒಂದೇ ತಾಮ್ರದ ಜೋಡಿ ತಂತಿಯಲ್ಲಿ ಒಟ್ಟಿಗೆ ಹರಿಯತೊಡಗಿದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ತಾಮ್ರದ ತಂತಿಯನ್ನು ಎಳೆದದ್ದು ಮನುಷ್ಯನ ದನಿಯನ್ನು ಸಾಗಿಸಲು, ನೆಟ್ಟಿಗಾಗಿ ಅಲ್ಲ. ವಿನಿಮಯ ಕೇಂದ್ರದಿಂದ ದೂರ ಹೋದಷ್ಟೂ ನೆಟ್ಟಿನ ಸಂಕೇತ ಸೊರಗುತ್ತದೆ. ನಾಲ್ಕೈದು ಕಿಲೋಮೀಟರ್ ದಾಟಿದರೆ ಬಹುತೇಕ ನಿಂತೇಹೋಗುತ್ತದೆ. ತಂತಿ ಕೂಡಿಸಿದ ಕಡೆಗಳಲ್ಲಿ ನೀರು ಹೊಕ್ಕರೆ ಗೊರಗೊರ ಸದ್ದು. ದನಿ ಆ ಸದ್ದನ್ನು ಹೇಗೋ ದಾಟಿ ಬರುತ್ತದೆ, ನೆಟ್ಟು ಬರುವುದಿಲ್ಲ. ಮಳೆ ಜಾಸ್ತಿ, ಮನೆಗಳು ತೋಟಗಳ ನಡುವೆ ಚೆದುರಿಹೋದ ಮಲೆನಾಡಿನ ಸೆರಗಿನಲ್ಲಿ ನೆಟ್ಟು ಪದೇ ಪದೇ ಕಡಿದುಹೋದದ್ದು ಯಾರ ಶಾಪದಿಂದಲೂ ಅಲ್ಲ. ಪೇಟೆಯ ಲೆಕ್ಕದಲ್ಲಿ ಹೊಂದುವ ವ್ಯವಸ್ಥೆಯನ್ನು ಬೆಟ್ಟದ ಊರಿಗೆ ಹಾಗೆಯೇ ತಂದದ್ದರಿಂದ.

ಗಾಜಿನ ಎಳೆಯ ಕೇಬಲ್ಲನ್ನು ಗ್ರಾಮ ಪಂಚಾಯಿತಿಗಳವರೆಗೆ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಅದರ ಹೆಸರು ಭಾರತ್‌ನೆಟ್ ಎಂದಾಯಿತು. ಆದರೆ ಪಂಚಾಯಿತಿ ಕಚೇರಿಯಿಂದ ಮನೆಯ ಜಗಲಿಯವರೆಗಿನ ದಾರಿ ದೀರ್ಘವಾದದ್ದು. 2020ರಲ್ಲಿ ಲಾಕ್‌ಡೌನ್ ಬಂದು ಶಾಲೆ ಮೊಬೈಲಿಗೆ ಇಳಿದಾಗ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದರು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳವರು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಅಭಿಯಾನವನ್ನೇ ಹೂಡಿದರು. ರಸ್ತೆ, ನೀರು, ಕರೆಂಟಿನ ಸಾಲಿಗೆ ನೆಟ್ಟೂ ಸೇರಿದೆ ಎಂದು ಜನರೇ ಸಾರಿದ ಗಳಿಗೆ ಅದು.

ಇನ್ನು ಕೆಂಪು ಕಿಟಕಿಯ ಕತೆ. ಇದರ ಮೂಲ ಅಮೆರಿಕದಲ್ಲಿದೆ. 1990ರ ದಶಕದ ಉತ್ತರಾರ್ಧದಲ್ಲಿ ಟ್ರೈಪಾಡ್ ಎಂಬ ಕಂಪೆನಿ ಜನರಿಗೆ ಸ್ವಂತ ಪುಟ ಮಾಡಿಕೊಳ್ಳಲು ಪುಕ್ಕಟೆಯಾಗಿ ಜಾಗ ಕೊಡುತ್ತಿತ್ತು. ಪುಕ್ಕಟೆಯ ಖರ್ಚನ್ನು ಯಾರಾದರೂ ಹೊರಬೇಕಲ್ಲ? ಜಾಹೀರಾತು ಹೊರುತ್ತಿತ್ತು. ಒಮ್ಮೆ ಒಂದು ಕಾರು ಕಂಪೆನಿಯ ಜಾಹೀರಾತು ಅಶ್ಲೀಲ ಪುಟವೊಂದರಲ್ಲಿ ಕಾಣಿಸಿಕೊಂಡು ರಂಪವಾಯಿತು. ಆಗ ಅಲ್ಲಿ ಕೆಲಸಕ್ಕಿದ್ದ ಈಥನ್ ಝುಕರ್‌ಮನ್ ಒಂದು ಉಪಾಯ ಮಾಡಿದರು. ಜಾಹೀರಾತನ್ನು ಪುಟದೊಳಗೆ ಇಡದೆ ಬೇರೆಯೇ ಒಂದು ಕಿಟಕಿಯಲ್ಲಿ ತೆರೆಯುವಂತೆ ಸಂಕೇತ ಬರೆದರು. ಪಾಪ್-ಅಪ್ ಹುಟ್ಟಿದ್ದು ಹೀಗೆ. ಒಬ್ಬ ಗಿರಾಕಿಯ ಮಾನ ಕಾಯಲು ಮಾಡಿದ ಉಪಾಯ ಜಗತ್ತಿನ ಕಣ್ಣಿಗೆಲ್ಲ ಮುಳ್ಳಾಯಿತು. 2014ರಲ್ಲಿ ಝುಕರ್‌ಮನ್ ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಲೇಖನ ಬರೆದು ಕ್ಷಮೆ ಕೇಳಿದರು. ತಪ್ಪೊಪ್ಪಿಕೊಂಡ ದೊಡ್ಡತನ ಅವರದು. ಆದರೆ ಅಷ್ಟರಲ್ಲಿ ಹಾವು ಬುಟ್ಟಿಯಿಂದ ಹೊರಬಿದ್ದಿತ್ತು.

ತಡೆಯುವ ಪ್ರಯತ್ನಗಳೂ ನಡೆದವು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬಂದ ಎರಡನೇ ಸರ್ವಿಸ್ ಪ್ಯಾಕ್ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲೇ ಪಾಪ್-ಅಪ್ ತಡೆಯನ್ನು ಸೇರಿಸಿತು. ಆಗ ಜಾಹೀರಾತಿನವರು ಬೇರೆ ಬಾಗಿಲು ಹುಡುಕಿದರು. ಪುಕ್ಕಟೆ ಆಟ, ಪುಕ್ಕಟೆ ವಾಲ್‌ಪೇಪರುಗಳ ಜೊತೆ ಕಂಪ್ಯೂಟರಿನೊಳಗೇ ಬಂದು ಮನೆ ಮಾಡಿದರು. 2015ರ ನಂತರ ಇನ್ನೂ ಸುಲಭವಾಯಿತು. ಸೂಚನೆಗಳನ್ನು ಕಳಿಸಲೇ ಎಂದು ಪುಟವೇ ಕೇಳುವ, ನಾವು ಅಲೋ ಒತ್ತಿದರೆ ಪುಟ ಮುಚ್ಚಿದ ಮೇಲೂ ಸಂದೇಶ ಕಳಿಸುತ್ತಲೇ ಇರುವ ಸೌಲಭ್ಯ ಕ್ರೋಮ್ ಬ್ರೌಸರಿಗೆ ಬಂದದ್ದು ಆ ವರ್ಷ. ಸುದ್ದಿಮನೆಗಳಿಗೂ ಅಂಚೆಪೆಟ್ಟಿಗೆಗಳಿಗೂ ಉಪಯೋಗವಾಗಲೆಂದು ಮಾಡಿದ್ದು ಠಕ್ಕರಿಗೂ ಒದಗಿತು.

ಇಲ್ಲಿಯವರೆಗೆ ತಂತಿಯ ಕತೆ ಬೇರೆ, ಕಿಟಕಿಯ ಕತೆ ಬೇರೆ. ಭಾವ ಹೇಳಿದಂತೆ ಇವೆರಡೂ ಒಂದಾಗುವುದುಂಟೇ? ಉಂಟು. ಮೂರು ಪ್ರಸಂಗಗಳನ್ನು ಹೇಳುತ್ತೇನೆ. ಅವುಗಳಲ್ಲಿ ಎರಡು ನಮ್ಮ ರಾಜ್ಯದವೇ.

2011ರ ನವೆಂಬರಿನಲ್ಲಿ ಎಸ್ಟೋನಿಯಾ ದೇಶದಲ್ಲಿ ಆರು ಮಂದಿಯ ಬಂಧನವಾಯಿತು. ನೆಟ್ಟಿನಲ್ಲಿ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯಿದೆ. ಊರಿಗೆ ಹೊಸಬರು ಬಂದರೆ ಇಂಥವರ ಮನೆ ಎಲ್ಲಿ ಎಂದು ಅಂಗಡಿಯವನನ್ನು ಕೇಳುವಂತೆ. ಈ ಖದೀಮರು ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಆ ಅಂಗಡಿಯವನನ್ನೇ ಬದಲಿಸಿ ತಮ್ಮವನನ್ನು ಕೂರಿಸಿದ್ದರು. ಜನ ಕೇಳಿದ್ದೊಂದು ಪುಟ, ಕಂಡದ್ದು ಇವರ ಜಾಹೀರಾತು. ಬಂಧನದ ನಂತರ ತಾತ್ಕಾಲಿಕವಾಗಿ ಒಳ್ಳೆಯ ಸರ್ವರುಗಳನ್ನು ಅಲ್ಲಿ ಕೂರಿಸಲಾಯಿತು. 2012ರ ಜುಲೈ 9ರಂದು ಅವನ್ನು ನಿಲ್ಲಿಸಿದಾಗ, ಸರಿಪಡಿಸಿಕೊಳ್ಳದವರ ನೆಟ್ಟೇ ನಿಂತಿತು. ಬೇಡದ ಜಾಹೀರಾತು ಮತ್ತು ನಿಂತ ನೆಟ್ಟು, ಎರಡಕ್ಕೂ ಬೇರು ಒಂದೇ.

ಎರಡನೆಯದು 2015ರ ಜೂನ್, ಬೆಂಗಳೂರು. ತೇಜೇಶ್ ಜಿ.ಎನ್. ಎಂಬ ತಂತ್ರಜ್ಞರು ಏರ್‌ಟೆಲ್‌ನ 3ಜಿಯಲ್ಲಿ ತಮ್ಮದೇ ಜಾಲತಾಣವನ್ನು ತೆರೆದಾಗ ತಾವು ಬರೆಯದ ಸಾಲುಗಳು ಅದರೊಳಗೆ ಸೇರಿರುವುದನ್ನು ಕಂಡರು. ಪುಟ ದಾರಿಯಲ್ಲಿ ಬರುವಾಗ ಯಾರೋ ಅದರೊಳಗೆ ಚೀಟಿ ತುರುಕಿದ್ದರು. ತೇಜೇಶ್ ಅದನ್ನು ಬಹಿರಂಗಪಡಿಸಿದರು. ಗ್ರಾಹಕರಿಗೆ ತಾವು ಬಳಸಿದ ಡೇಟಾದ ಲೆಕ್ಕ ತೋರಿಸುವ ಪ್ರಯೋಗವದು ಎಂದು ಕಂಪೆನಿ ಹೇಳಿತು. ಆದರೆ ಆ ಸಂಕೇತವನ್ನು ಮಾಡಿದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪೆನಿಯಿಂದ ತೇಜೇಶರಿಗೇ ವಕೀಲರ ನೋಟಿಸು ಬಂತು. ಮನೆಯೊಳಗೆ ಬಂದವರನ್ನು ಯಾರು ಎಂದು ಕೇಳಿದ ಮನೆಯಾತನೇ ಆರೋಪಿಯಾದ! ಅಂದಿನ ಪುಟಗಳಲ್ಲಿ ಬಹಳಷ್ಟು ಅಂಚೆ ಕಾರ್ಡಿನಂತೆ ತೆರೆದೇ ಬರುತ್ತಿದ್ದವು. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು, ಸಾಲು ಸೇರಿಸಬಹುದಿತ್ತು. ಈಗ ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಎಂದಿರುವ ಪುಟಗಳು ಅಂಟಿಸಿದ ಲಕೋಟೆಯಂತೆ ಬರುತ್ತವೆ. ಲಕೋಟೆಯೊಳಗಿನ ಮಾತು ಸತ್ಯವೆಂದು ಇದರ ಅರ್ಥವಲ್ಲ; ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂದಷ್ಟೇ.

ಮೂರನೆಯದು 2017ರ ಜುಲೈ ಕೊನೆಯ ವಾರ. ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಸಾವಿರಾರು ಮನೆಗಳ ಮೋಡೆಮ್‌ಗಳು ಒಮ್ಮೆಲೇ ಸತ್ತಂತಾದವು. ಲೈನಿನಲ್ಲಿ ದೋಷವಿರಲಿಲ್ಲ. ದುಷ್ಟ ಸಂಕೇತವೊಂದು ಹೊರಗಿನಿಂದ ಮೋಡೆಮ್ಮುಗಳೊಳಗೆ ಹೊಕ್ಕಿತ್ತು. ಹೊಕ್ಕದ್ದು ಹೇಗೆ? ಕಾರ್ಖಾನೆಯಿಂದ ಬರುವಾಗಲೇ ಅವುಗಳ ಹೆಸರು ಅಡ್ಮಿನ್, ಗುಪ್ತಪದವೂ ಅಡ್ಮಿನ್. ಊರಿನ ಎಲ್ಲ ಮನೆಗಳಿಗೂ ಒಂದೇ ಬೀಗದ ಕೈ ಕೊಟ್ಟಂತೆ. ಗುಪ್ತಪದ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚಿಸಿದ್ದು ದಾಳಿಯಾದ ಮೇಲೆ. ಮೋಡೆಮ್ಮಿಗೆ ಗುಪ್ತಪದವೊಂದಿದೆ, ಅದು ವೈಫೈಯ ಗುಪ್ತಪದವಲ್ಲ, ಅದನ್ನು ಬದಲಿಸಬಹುದು ಎಂದು ನಮ್ಮ ಮನೆಗಳಿಗೆ ಅದಕ್ಕೂ ಮೊದಲು ಕನ್ನಡದಲ್ಲಿ ಹೇಳಿದವರು ಯಾರು? ಡಬ್ಬದೊಳಗಿನ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು.

ಇನ್ನು ಕೆಂಪು ಕಿಟಕಿಯಲ್ಲಿದ್ದ ಆ ಫೋನ್ ನಂಬರು. 2012ರ ಅಕ್ಟೋಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಇಂಥ ಸುಳ್ಳು ರಿಪೇರಿ ಜಾಲಗಳ ಮೇಲೆ ಕ್ರಮ ಕೈಗೊಂಡಿತು. ಅವುಗಳಲ್ಲಿ ಹೆಚ್ಚಿನವು ಭಾರತದಿಂದ ನಡೆಯುತ್ತಿದ್ದವು ಎಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ. ಇಲ್ಲದ ವೈರಸ್ಸನ್ನು ತೋರಿಸಿ, ಕಂಪ್ಯೂಟರನ್ನು ದೂರದಿಂದ ತಮ್ಮ ಹಿಡಿತಕ್ಕೆ ತೆಗೆದುಕೊಂಡು, ಹಣ ವಸೂಲಿ ಮಾಡುವುದು ಅವರ ಕಸುಬು. ನಿಜವಾದ ಮೈಕ್ರೋಸಾಫ್ಟ್ ಎಚ್ಚರಿಕೆಯಲ್ಲಿ ಫೋನ್ ನಂಬರೇ ಇರುವುದಿಲ್ಲ. ಇದೊಂದು ಮಾತು ಗೊತ್ತಿದ್ದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಗೆಂಡೆಹಳ್ಳಿಗೆ ಹೋದೆ. ಮೊದಲು ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಮಹಡಿಯ ಮೇಲೆ ಕೂತು ಅರ್ಜಿ ಕಳಿಸಿದೆವು. ರೋಗಕ್ಕಿಂತ ಮೊದಲು ರೋಗಿ. ಆಮೇಲೆ ನೆಟ್ಟನ್ನೂ ಕಿಟಕಿಯನ್ನೂ ಬೇರೆ ಬೇರೆಯಾಗಿ ನೋಡಿದೆವು.

ಕಂಪ್ಯೂಟರನ್ನು ವೈಫೈ ಬಿಡಿಸಿ ಕೇಬಲ್ಲಿನಿಂದ ರೌಟರಿಗೆ ಜೋಡಿಸಿದೆವು. ಕೇಬಲ್ಲಿನಲ್ಲಿ ನೆಟ್ಟು ಸರಿ ಬಂದು ವೈಫೈಯಲ್ಲಿ ಕೆಟ್ಟರೆ ದೋಷ ಗೋಡೆಯದು ಅಥವಾ ದೂರದ್ದು; ಮಣ್ಣಿನ ದಪ್ಪ ಗೋಡೆಗಳನ್ನು ವೈಫೈ ಕಷ್ಟಪಟ್ಟು ದಾಟುತ್ತದೆ. ಇಲ್ಲಿ ಕೇಬಲ್ಲಿನಲ್ಲೂ ಕಡಿಯಿತು. ಆಗ ರೌಟರಿನ ದೀಪ ನೋಡಿದೆವು. ಎಲ್‌ಒಎಸ್ ಎಂಬ ದೀಪ ಆಗಾಗ ಕೆಂಪಾಗುತ್ತಿತ್ತು. ಎಂದರೆ ಗಾಜಿನ ಎಳೆಯಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ. ಎಳೆಯನ್ನು ಹಿಡಿದು ಹೋದರೆ ಗೋದ್ರೆಜ್ ಬೀರುವಿನ ಹಿಂದೆ ಅದು ಚೂಪಾಗಿ ಮಡಚಿಕೊಂಡಿತ್ತು. ಮಳೆಗೆ ಗೋಡೆ ಒಸರುತ್ತಿದೆಯೆಂದು ಭಾವನೇ ಬೀರುವನ್ನು ಸರಿಸಿದ್ದರಂತೆ! ತಾಮ್ರ ಮಡಚಿದರೂ ಮಾತಾಡುತ್ತದೆ. ಗಾಜಿನ ಎಳೆ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಬೀರು ಸರಿಸಿದೆವು, ದೀಪ ಹಸಿರಾಯಿತು. ಎಳೆ ಮುರಿದಿದ್ದರೆ ಲೈನ್‌ಮನ್ ಬರುವವರೆಗೆ ಕಾಯಬೇಕಿತ್ತು.

ಕಿಟಕಿಯ ಕಾರಣ ಬೇರೆಯೇ ಇತ್ತು. ಅರ್ಜಿಗೆ ಆದಾಯ ಪ್ರಮಾಣಪತ್ರದ ಫೈಲನ್ನು ಚಿಕ್ಕದು ಮಾಡಬೇಕಿತ್ತು. ಪುಕ್ಕಟೆಯಾಗಿ ಮಾಡಿಕೊಡುವ ತಾಣವೊಂದನ್ನು ಹುಡುಗಿ ತೆರೆದಿದ್ದಳು. ಮುಂದೆ ಹೋಗಲು ಅಲೋ ಒತ್ತಿ ಎಂದಿತ್ತು, ಒತ್ತಿದ್ದಳು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ಪಟ್ಟಿ ತೆರೆದು ಆ ತಾಣವನ್ನು ತೆಗೆದುಹಾಕಿದೆವು. ಎಕ್ಸ್‌ಟೆನ್ಷನ್ಸ್ ಪಟ್ಟಿಯಲ್ಲಿ ಯಾರೂ ಕರೆಯದ ಇನ್ನೊಬ್ಬ ಕೂತಿದ್ದ, ಅವನನ್ನೂ ಕಳಿಸಿದೆವು. ವಿಂಡೋಸ್ ಜೊತೆಗೇ ಬರುವ ವೈರಸ್ ತಪಾಸಣೆಯನ್ನು ಪೂರ್ತಿ ನಡೆಸಿದೆವು. ಐದಲ್ಲ, ಒಂದು ವೈರಸ್ಸೂ ಇರಲಿಲ್ಲ. ಕೊನೆಗೆ ರೌಟರಿನ ಗುಪ್ತಪದ ನೋಡಿದರೆ, 2017ರ ಪಾಠ ಈ ಮನೆಗಿನ್ನೂ ತಲುಪಿರಲಿಲ್ಲ. ಅದನ್ನೂ ಬದಲಿಸಿದೆವು.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳನ್ನು ಕರೆದು, "ನೀನೇ ಬರೆದಿಡಮ್ಮ, ನನಗೂ ತಿಳಿಯಲಿ" ಎಂದರು. ಅವಳು ನೋಟ್‌ಬುಕ್ಕಿನ ಹಾಳೆ ಹರಿದು ರೌಟರಿನ ಮೇಲಿನ ಗೋಡೆಗೆ ಅಂಟಿಸಿದಳು. ಕೆಂಪು ದೀಪ ಬಂದರೆ ಎಳೆ ನೋಡಿ. ಕಿಟಕಿ ಮುಚ್ಚದಿದ್ದರೆ ಆಲ್ಟ್ ಮತ್ತು ಎಫ್4 ಒತ್ತಿ. ಕಿಟಕಿಯಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಮಾಡಿ. ಕೆಳಗೆ ಅಕ್ಕನಿಗಾಗಿ ಇದನ್ನೇ ಉರ್ದುವಿನಲ್ಲೂ ಬರೆದಳು.

ಅದನ್ನು ನೋಡುತ್ತಾ ನನಗನ್ನಿಸಿತು: ಈ ಚರಿತ್ರೆಯಲ್ಲಿ ದೂರದ ಲೆಕ್ಕ ತಪ್ಪಿದ್ದು ಯೋಜನೆ ಮಾಡಿದವರದು, ಕಿಟಕಿ ತೆರೆದದ್ದು ವ್ಯಾಪಾರಿಗಳು, ಒಂದೇ ಬೀಗದ ಕೈ ಹಂಚಿದ್ದು ಕಾರ್ಖಾನೆ. ಬೈಗುಳ ಮಾತ್ರ ಮನೆಯ ಹುಡುಗಿಯ ಪಾಲಿಗೆ ಬಂತು. ಬೀರು ಸರಿಸಿದವರನ್ನು ಯಾರೂ ಬೈಯಲಿಲ್ಲ. ಒಂದು ತಪ್ಪು ಒತ್ತಿಗೆ ಹೆಣ್ಣುಮಗುವಿನ ಕೈಯಿಂದ ಕಂಪ್ಯೂಟರನ್ನೇ ಕಿತ್ತುಕೊಂಡರೆ, ಆ ಸ್ಕಾಲರ್‌ಶಿಪ್ಪು ಬಂದೂ ಪ್ರಯೋಜನವೇನು? ಡಬ್ಬದೊಳಗಿನ ಪುಸ್ತಿಕೆ ಕನ್ನಡಕ್ಕೆ ಬರುವವರೆಗೆ ನಮ್ಮ ಮನೆಗಳ ಗೋಡೆಗಳ ಮೇಲೆ ಇಂಥ ಹಾಳೆಗಳು ಹೆಚ್ಚಬೇಕು.