ಬೆಳ್ಗೊಳದ ಶಾಸನಗಳಲ್ಲಿ ಸ್ತ್ರೀಧರ್ಮ

ದಿಗಂಬರ ಜೈನರ ಸಿದ್ಧಾಂತದಂತೆ ಸ್ತ್ರೀಶರೀರದಿಂದ ಮೋಕ್ಷವಿಲ್ಲ. ಸರ್ವಪರಿಗ್ರಹತ್ಯಾಗವಿಲ್ಲದೆ ಮಹಾವ್ರತವು ಪೂರ್ಣವಾಗದು, ವಸ್ತ್ರವೂ ಪರಿಗ್ರಹವೇ, ಅದನ್ನು ಬಿಡುವುದು ಸ್ತ್ರೀಗೆ ವಿಹಿತವಲ್ಲ. ಆದುದರಿಂದ ಆಕೆ ಎಂತಹ ತಪಸ್ವಿನಿಯಾದರೂ ಆರ್ಯಿಕೆಯ ಪದವಿಯವರೆಗೆ ಮಾತ್ರ ಏರಬಲ್ಲಳು. ಮುಂದೆ ಪುರುಷಜನ್ಮವನ್ನೆತ್ತಿಯೇ ಸಿದ್ಧಿಯನ್ನು ಪಡೆಯಬೇಕು. ಕುಂದಕುಂದಾಚಾರ್ಯರದೆಂದು ಹೇಳುವ ಸುತ್ತಪಾಹುಡದಲ್ಲಿ ಈ ಮತದ ಬೀಜವಿದೆ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಪ್ರಭಾಚಂದ್ರನು ಪ್ರಮೇಯಕಮಲಮಾರ್ತಂಡ, ನ್ಯಾಯಕುಮುದಚಂದ್ರಗಳಲ್ಲಿ ಇದನ್ನು ತರ್ಕದಿಂದ ಸಾಧಿಸಿದನು. ಶ್ವೇತಾಂಬರರು ಇದನ್ನೊಪ್ಪರು, ಅವರ ಮತದಲ್ಲಿ ಹತ್ತೊಂಬತ್ತನೆಯ ತೀರ್ಥಂಕರನಾದ ಮಲ್ಲಿಯೇ ಸ್ತ್ರೀ. ಕನ್ನಡ ನಾಡಿನಲ್ಲಿ ಪ್ರಬಲರಾಗಿದ್ದ ಯಾಪನೀಯರಾದರೋ, ತಮ್ಮ ಮುನಿಗಳು ದಿಗಂಬರರಾಗಿದ್ದರೂ, ಸ್ತ್ರೀಮುಕ್ತಿಯನ್ನು ಅಂಗೀಕರಿಸಿದ್ದರು. ಅಮೋಘವರ್ಷ ನೃಪತುಂಗನ ಕಾಲದ ವೈಯಾಕರಣ ಶಾಕಟಾಯನನು ಸ್ತ್ರೀಮುಕ್ತಿಪ್ರಕರಣವನ್ನು ರಚಿಸಿದ್ದು ಈ ಪಕ್ಷದ ಪರವಾಗಿಯೇ. ಹೀಗೆ ಈ ವಾದವು ದೂರದೇಶದ್ದಲ್ಲ.

ಅಧಿಕಾರವನ್ನು ಪುರುಷನಿಗಿತ್ತು ಸೇವೆಯನ್ನು ಸ್ತ್ರೀಗೆ ವಿಧಿಸುವ ಕ್ರಮವು ಜೈನರಿಗಷ್ಟೇ ಸೇರಿದುದೂ ಅಲ್ಲ. ಅಮೆರಿಕೆಯಲ್ಲಿ 1830ರಲ್ಲಿ ಸ್ಥಾಪಿತವಾದ ಮಾರ್ಮನ್ ಪಂಥದಲ್ಲಿಯೂ ಪೌರೋಹಿತ್ಯವು ಪುರುಷರದು. 1842ರಲ್ಲಿ ಏರ್ಪಟ್ಟ ಅವರ ಸ್ತ್ರೀಸಂಘದ ಮುಖ್ಯಕಾರ್ಯವು ದೀನರ ಉಪಚಾರ. ಇಂತಹ ಮತಗಳಲ್ಲಿ ಸ್ತ್ರೀಯ ನಿಜವಾದ ಸ್ಥಾನವೇನೆಂಬುದನ್ನು ಶಾಸ್ತ್ರದಿಂದಲೇ ನಿರ್ಣಯಿಸಿದರೆ ಅರ್ಧ ಮಾತ್ರ ತಿಳಿದೀತು. ಉಳಿದರ್ಧವನ್ನು ಅರಿಯಲು ಕನ್ನಡಿಗರಿಗೆ ಒಂದು ಅಪೂರ್ವ ಸಾಧನವಿದೆ: ಹಾಸನ ಸೀಮೆಯ ಶ್ರವಣಬೆಳ್ಗೊಳದ ಶಾಸನಗಳು.

ಚಿಕ್ಕಬೆಟ್ಟದ ಬಂಡೆಗಳಲ್ಲಿ ಏಳನೆಯ ಶತಮಾನದ ಸುಮಾರಿನ ಅಕ್ಷರಗಳಲ್ಲಿ ಮುನಿಗಳ ಸಮಾಧಿಮರಣದ ಲೇಖಗಳಿವೆ. ಅವುಗಳ ನಡುವೆಯೇ ನಾಗಮತಿ, ಶಶಿಮತಿ ಮೊದಲಾದ ಗಂತಿಯರ, ಎಂದರೆ ಸಂನ್ಯಾಸಿನಿಯರ, ಲೇಖಗಳೂ ಸೇರಿವೆ. ಮುನಿಗಳಿಗೆ ಯಾವ ಗೌರವದ ಬಹುವಚನವೋ ಗಂತಿಯರಿಗೂ ಅದೇ. ನೋಂತು ಮುಡಿಪಿದುದನ್ನು ಹೇಳುವ ಕ್ರಿಯಾಪದವೂ ಅದೇ. ಮೋಕ್ಷದಲ್ಲಿ ಭೇದವನ್ನೆಣಿಸಿದ ಮತವು ಮರಣದ ವ್ರತದಲ್ಲಿ ಎಣಿಸಲಿಲ್ಲ. ಇದು ಸಣ್ಣ ಸಂಗತಿಯೆಂದು ಹೇಳಲಾಗದು. ಆ ವ್ರತವೇ ಶ್ರಾವಕನ ಜೀವಿತದ ಕಲಶವೆಂದು ಜೈನರ ಎಣಿಕೆ. ಹತ್ತನೆಯ ಶತಮಾನದ ಸಾವಿಯಬ್ಬೆಯ ವೀರಗಲ್ಲು ಇನ್ನೂ ವಿಚಿತ್ರವಾದುದು. ಬಗೆಯೂರ ಕಾಳಗದಲ್ಲಿ ಪತಿಯೊಡನೆ ಹೋರಿ ಮಡಿದ ಈ ಶ್ರಾವಕಿ ಶಿಲ್ಪದಲ್ಲಿ ಕುದುರೆಯನ್ನೇರಿ, ಕತ್ತಿಯನ್ನೆತ್ತಿ, ಆನೆಯ ಮೇಲಿನ ಭಟನನ್ನು ಎದುರಿಸಿದ್ದಾಳೆ. ಲೇಖವು ಮಾತ್ರ ಆಕೆಯನ್ನು ಸೀತೆ, ಅರುಂಧತಿಯರಿಗೆ ಹೋಲಿಸುತ್ತದೆ! ಶಿಲ್ಪಿಯು ಕಂಡುದನ್ನು ಹೇಳಲು ಕವಿಗೆ ಬೇರೆ ಉಪಮಾನವು ದೊರೆಯಲಿಲ್ಲವೆಂದು ತೋರುತ್ತದೆ.

ಹೊಯ್ಸಳರ ಕಾಲಕ್ಕೆ ದಾನಶೀಲೆಯರ ಹೆಸರುಗಳು ಹೆಚ್ಚುತ್ತವೆ. ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು; ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧದಾನಗಳಿಂದ ಖ್ಯಾತಳಾಗಿ 1121ರಲ್ಲಿ ಸಮಾಧಿವಿಧಿಯಿಂದ ದೇಹವನ್ನು ಬಿಟ್ಟಳು.

ಆದರೆ ಎಲ್ಲಕ್ಕಿಂತ ವಿಚಾರಾರ್ಹವಾದುದು ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ಚರಿತ್ರೆ. ಆಕೆ 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನನ್ನು ಪ್ರತಿಷ್ಠಿಸಿ ಬಸದಿಯನ್ನೆತ್ತಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ. ಸವತಿಯರಿಗೆ ಮದ್ದಾನೆಯಂತಿರುವವಳೆಂಬ ರಾಣಿಯ ಬಿರುದೇ ಜಿನಾಲಯದ ಹೆಸರಾಯಿತು. ಅಹಿಂಸೆಯ ದೇವರಿಗೆ ಅಂತಃಪುರದ ಮಾತ್ಸರ್ಯದ ಹೆಸರು! ಆಕೆಯ ಗೀತವಾದ್ಯನೃತ್ಯಕೌಶಲವನ್ನೂ ವಿವೇಕವನ್ನೂ ಕೊಂಡಾಡುವ ಲೇಖಗಳನ್ನೋದಿ ಹೊಯ್ಸಳರಲ್ಲಿ ಸ್ತ್ರೀಯು ಪುರುಷನಿಗೆ ಸಮಳಾಗಿದ್ದಳೆಂದು ಹೇಳುವವರು ಈ ಬಿರುದನ್ನು ಮರೆಯಬಾರದು. ಗೆದ್ದುದು ಪುರುಷನನ್ನಲ್ಲ, ಸವತಿಯರನ್ನು. ಬಹುಪತ್ನೀತ್ವವನ್ನು ಒಪ್ಪಿಕೊಂಡೇ ಈ ಪ್ರಶಂಸೆ ಹೊರಟಿದೆ. ಆಕೆ ಶಿವಗಂಗೆಯ ಬೆಟ್ಟದಿಂದ ಹಾರಿ ಪ್ರಾಣವನ್ನು ಬಿಟ್ಟಳೆಂಬ ಜನವಾರ್ತೆಗೆ ಶಾಸನದಲ್ಲಿ ಆಧಾರವಿಲ್ಲ. 1131ರಲ್ಲಿ ಆ ಕ್ಷೇತ್ರದಲ್ಲಿ ಸ್ವರ್ಗಸ್ಥಳಾದಳೆಂದಷ್ಟೇ ಅಲ್ಲಿ ಹೇಳಿದೆ.

ಬಿರುದುಗಳ ಆಡಂಬರದ ನಡುವೆ ಹೆಚ್ಚು ಬೆಲೆಯುಳ್ಳ ಸಂಗತಿಯೊಂದು ಮರೆಯಾಗಿದೆ. ವಿಷ್ಣುವರ್ಧನನು ವೈಷ್ಣವಮತವನ್ನು ಅವಲಂಬಿಸಿದನೆಂಬುದು ಪ್ರಸಿದ್ಧ. ರಾಣಿ ಕಡೆಯವರೆಗೂ ಜಿನಭಕ್ತೆಯಾಗಿಯೇ ಇದ್ದಳು. ಆಕೆಗೆ ಪ್ರತ್ಯೇಕವಾಗಿ ಗುರುವಿದ್ದನು: ಮೇಘಚಂದ್ರ ತ್ರೈವಿದ್ಯದೇವನ ಶಿಷ್ಯನಾದ ಪ್ರಭಾಚಂದ್ರ ಸಿದ್ಧಾಂತದೇವ. (ಈತನು ಮೇಲೆ ಹೇಳಿದ ತಾರ್ಕಿಕನಲ್ಲ.) ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆ ಜೈನೆ. ಮಗಳು ಹಿಡಿದುದು ತಾಯಿಯ ಮತವನ್ನು. ಇದು ರಾಜಕುಲದ ವಿಶೇಷವೆಂದು ತಳ್ಳಿಹಾಕುವಂತೆಯೂ ಇಲ್ಲ. ಇಮ್ಮಡಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿ ಶಿವಭಕ್ತನಾದ ಬ್ರಾಹ್ಮಣ. ಆತನ ಪತ್ನಿ ಆಚಿಯಕ್ಕ 1181ರಲ್ಲಿ ಬೆಳ್ಗೊಳದ ಊರೊಳಗೆ ಪಾರ್ಶ್ವನಾಥನಿಗೆ ಕಟ್ಟಿಸಿದ ದೇವಾಲಯವೇ ಅಕ್ಕನ ಬಸದಿ. ಅದಕ್ಕೆ ಗ್ರಾಮವನ್ನು ಕೊಡಬೇಕೆಂದು ಅರಸನನ್ನು ಬೇಡಿದವನು ಆ ಶೈವಪತಿಯೇ!

ಸ್ತ್ರೀಗೆ ಪ್ರತ್ಯೇಕ ವ್ರತವಿಲ್ಲ, ಯಜ್ಞವಿಲ್ಲ, ಪತಿಶುಶ್ರೂಷೆಯಿಂದಲೇ ಸ್ವರ್ಗವೆಂದು ಮನುಸ್ಮೃತಿಯು ವಿಧಿಸುತ್ತದೆ. ಆ ಸ್ಮೃತಿಯನ್ನು ಮನ್ನಿಸುತ್ತಿದ್ದ ನಾಡಿನಲ್ಲಿಯೇ ಹೆಂಡತಿಗೆ ಬೇರೆ ದೇವರು, ಬೇರೆ ಗುರು, ತನ್ನ ಹೆಸರಿನ ದಾನ, ತಾನಾಗಿ ಕೈಕೊಳ್ಳುವ ವ್ರತಗಳಿದ್ದವು. ಮೋಕ್ಷವನ್ನು ನಿಷೇಧಿಸಿದ ಜೈನಮತವು ಸ್ತ್ರೀಗೆ ಇಷ್ಟನ್ನು ಕೊಟ್ಟಿತು. ಕೊಟ್ಟುದೆಲ್ಲವೂ ಧನವಂತರ ಮನೆಯವರಿಗೆ ಎಟುಕುವಂತಹುದೆಂಬ ಆಕ್ಷೇಪಣೆ ಸರಿಯೇ. ಬಸದಿಯನ್ನು ಕಟ್ಟಿಸಲಾರದ ಒಕ್ಕಲಗಿತ್ತಿಯ ಹೆಸರು ಕಲ್ಲಿಗೆ ಏರುವುದು ಅಪರೂಪ. ಉಪವಾಸಕ್ಕೆ ಮಾತ್ರ ಹಣವು ಬೇಕಾಗಿರಲಿಲ್ಲ.

ಮಗಳ ಮರಣದ ತರುವಾಯ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳು ಅನಶನದಿಂದಿದ್ದು ಮುಡಿಪಿದಳು. ಆಕೆಯ ಮರಣವನ್ನೂ ಶಾಂತಲೆಯ ಮರಣವನ್ನೂ ಹೇಳುವ ಶಾಸನವು ಒಂದೇ. ಅದಿರುವುದು ಮಗಳು ಕಟ್ಟಿಸಿದ ಬಸದಿಯ ಬಳಿಯಲ್ಲಿ, ಚಿಕ್ಕಬೆಟ್ಟದ ಮೇಲೆಯೇ.