ದೇವನಹಳ್ಳಿಯಿಂದ ಪ್ಯಾರಿಸ್‌ಗೆ ಎಷ್ಟು ದೂರ?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಪ್ಯಾರಿಸ್‌ಗೆ ನೇರ ಅಂತರ ಸುಮಾರು 7,850 ಕಿಲೋಮೀಟರ್. ನಡುವೆ ಎಲ್ಲೂ ಇಳಿಯದ ವಿಮಾನಕ್ಕೆ ಹತ್ತು ಹನ್ನೊಂದು ಗಂಟೆಯ ಹಾದಿ. ಪ್ಯಾರಿಸ್ಸಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುವುದರಿಂದ, ನಡುರಾತ್ರಿ ಕಳೆದ ಮೇಲೆ ಇಲ್ಲಿ ವಿಮಾನ ಹತ್ತಿದವರು ಅದೇ ಬೆಳಿಗ್ಗೆ ಅಲ್ಲಿ ಇಳಿಯಬಹುದು. ಮರಳುವಾಗ ಸಾಮಾನ್ಯವಾಗಿ ಇನ್ನೂ ತುಸು ಬೇಗ. ಮೇಲುಸ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿ ಆಗ ವಿಮಾನದ ಬೆನ್ನಿಗಿರುತ್ತದೆ.

ನಿಲ್ದಾಣಕ್ಕೆ ಸಮೀಪದ ದೇವನಹಳ್ಳಿ ಊರಿನಲ್ಲಿ, ಕೋಟೆಯ ಬಳಿ, ಟಿಪ್ಪು ಸುಲ್ತಾನ್ ಜನ್ಮಸ್ಥಳವೆಂದು ಗುರುತಿಸಿದ ಪುಟ್ಟ ಕಲ್ಲಿನ ಮಂಟಪವೊಂದಿದೆ. ಆ ಟಿಪ್ಪುವೂ ಪ್ಯಾರಿಸ್‌ಗೆ ಜನರನ್ನು ಕಳುಹಿಸಿದ್ದ.

ಮಹಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು ಪರಿವಾರದೊಡನೆ 1787ರ ಜುಲೈನಲ್ಲಿ ಪುದುಚೇರಿಯಿಂದ ಹಡಗು ಹತ್ತಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆಗ ಆಫ್ರಿಕಾ ಖಂಡವನ್ನೇ ಬಳಸಿ ಹೋಗಬೇಕಿತ್ತು. ಹಾಯಿಹಡಗಿಗೆ ಗಾಳಿಯೇ ಯಜಮಾನ. ಅನುಕೂಲದ ಗಾಳಿಗಾಗಿ, ಕುಡಿಯುವ ನೀರಿಗಾಗಿ, ದಿನಸಿಗಾಗಿ ಬಂದರುಗಳಲ್ಲಿ ಕಾಯಬೇಕಾಗುತ್ತಿತ್ತು. ಮಾರಿಷಸ್, ಗುಡ್‌ಹೋಪ್ ಭೂಶಿರ ದಾಟಿ ಅವರು ಫ್ರಾನ್ಸಿನ ತೂಲೋನ್ ಬಂದರು ಸೇರಿದ್ದು 1788ರ ಜೂನ್‌ನಲ್ಲಿ. ಅಲ್ಲಿಂದ ಪ್ಯಾರಿಸ್ ತಲುಪುವ ವೇಳೆಗೆ ಜುಲೈ ಬಂದಿತ್ತು. ಹೊರಟು ಒಂದು ವರ್ಷ!

ಪ್ಯಾರಿಸ್ಸಿನ ಜನ ಈ ಅತಿಥಿಗಳನ್ನು ಮುಗಿಬಿದ್ದು ನೋಡಿದರು. ರಾಣಿಯ ಚಿತ್ರಗಳನ್ನು ಬರೆಯುತ್ತಿದ್ದ ಹೆಸರಾಂತ ಕಲಾವಿದೆ ವಿಜೆ ಲ ಬ್ರೂನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ 70 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಬಂತು. ಆದರೆ ರಾಯಭಾರಿಗಳು ಹೋದದ್ದು ಚಿತ್ರ ಬರೆಸಿಕೊಳ್ಳಲಿಕ್ಕಲ್ಲ. ಇಂಗ್ಲಿಷರ ವಿರುದ್ಧ ಸೈನಿಕ ನೆರವು ಬೇಕಿತ್ತು. ಜೊತೆಗೆ ಕುಶಲಕರ್ಮಿಗಳೂ ಬೇಕಿದ್ದರು.

1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರಿಗೆ ದರ್ಶನ ಕೊಟ್ಟ. ಸತ್ಕಾರಕ್ಕೇನೂ ಕೊರತೆಯಿರಲಿಲ್ಲ. ಆದರೆ ಅದಾಗಿ ಆರೇ ದಿನಗಳಿಗೆ, ಆಗಸ್ಟ್ 16ರಂದು, ಫ್ರೆಂಚ್ ಖಜಾನೆ ನಗದು ಪಾವತಿಗಳನ್ನು ಭಾಗಶಃ ನಿಲ್ಲಿಸಬೇಕಾಯಿತು. ಮನೆಯ ಕಣಜವೇ ಬರಿದಾದಾಗ ನೆರೆಯವನಿಗೆ ಕಾಳು ಅಳೆಯುವುದೆಂತು?

ದೂರವೊಂದೇ ಟಿಪ್ಪುವಿನ ಯತ್ನವನ್ನು ಕೆಡಿಸಿತೆನ್ನುವುದು ಅತಿಶಯವಾದೀತು. ಫ್ರಾನ್ಸ್ 1783ರಲ್ಲೇ ಇಂಗ್ಲೆಂಡಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿತ್ತು. ಹಣವಿಲ್ಲದೆ ಅದನ್ನು ಮುರಿಯುವ ಮನಸ್ಸು ಅದಕ್ಕಿರಲಿಲ್ಲ. ಆದರೆ ಆ ‘ಇಲ್ಲ’ ಎಂಬ ಒಂದು ಮಾತು ತಿಳಿಯಲು ಮೈಸೂರು ಸುಮಾರು ಎರಡು ವರ್ಷ ಕಾಯಬೇಕಾಯಿತು. ರಾಯಭಾರಿಗಳು ಪುದುಚೇರಿಗೆ ಮರಳಿದ್ದು 1789ರ ಮೇ ತಿಂಗಳಲ್ಲಿ. ಜುಲೈನಲ್ಲಿ ಪ್ಯಾರಿಸ್ಸಿನ ಬ್ಯಾಸ್ಟಿಲ್ ಕೋಟೆ ಉರುಳಿತು. ಮರುವರ್ಷ ಮೂರನೆಯ ಮೈಸೂರು ಯುದ್ಧ ಕಾವೇರಿತು. 1791ರಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ವಶವಾಯಿತು. ಅದೇ ವರ್ಷ ದೇವನಹಳ್ಳಿಯ ಕೋಟೆಯೂ.